ನಮ್ಮೂರ ಕಲ್ಲುಗಳ ನಡುವೆ ಒಂದು ದಿನ

ಪ್ರವಾಸ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಮೈಸೂರು, ಊಟಿ, ಇಲ್ಲವೇ ಹೈದರಾಬಾದಿನ ಚಾರ್ಮಿನಾರ್. ಹೆಂಗಸರ ಪಾಲಿಗಂತೂ ಮದುವೆ, ಬಾಣಂತನ, ಮೈಯತ್ತಿಗೆ ಹೋಗಿ ಬರುವುದೇ ಪ್ರಯಾಣ. ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿದವರ ಕುರುಹು ಕಂಡು ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ಕೊಡುತ್ತದೆ. ಆ ಕರೆ ಗಂಡಸರಿಗೆ ಮಾತ್ರವೆಂದು ಎಲ್ಲೂ ಹೇಳಿಲ್ಲ.

ನಾವಿರುವ ಗುರುಗುಂಟಾದ ಸುತ್ತಲ ನೆಲ ಇಂತಹ ಕುರುಹುಗಳಿಂದಲೇ ತುಂಬಿದೆ. ಮಕ್ಕಳ ರಜೆಯಲ್ಲಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿದು ಅತ್ತೆ, ನಾದಿನಿ, ಮಕ್ಕಳೆಲ್ಲ ಹೊರಟೆವು. ರೊಟ್ಟಿ, ಶೇಂಗಾ ಹಿಂಡಿ, ಬೇಯಿಸಿದ ಮೊಟ್ಟೆ, ಎರಡು ಕ್ಯಾನ್ ನೀರು ಜೊತೆಗಿದ್ದವು. "ಕಲ್ಲು ನೋಡೋಕೆ ಇಷ್ಟು ದುಡ್ಡು ಯಾಕೆ?" ಎಂದು ಗೊಣಗುತ್ತಲೇ ಅತ್ತೆ ಮುಂದಿನ ಸೀಟಿನಲ್ಲಿ ಕೂತರು.

ಮೊದಲು ಸಿಕ್ಕಿದ್ದು ಹಟ್ಟಿ. ಚಿನ್ನದ ಗಣಿಯೊಳಗೆ ಇಳಿಯಲು ನಮಗೆಲ್ಲಿಯ ಅವಕಾಶ? ರಸ್ತೆಯಿಂದಲೇ ಅದರ ಕಬ್ಬಿಣದ ಗೋಪುರ ತೋರಿಸಿ ಮಕ್ಕಳಿಗೆ ವಿವರಿಸಿದೆ. ಇಲ್ಲಿನ ಹಳೆಯ ಸುರಂಗಗಳು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿವೆ. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಸುಮಾರು 2000 ವರ್ಷ ಹಳೆಯವೆಂದು ತಿಳಿಯಿತು. ಆಗ ಮದ್ದುಗುಂಡು ಇರಲಿಲ್ಲ. ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು ಸೀಳುತ್ತಿದ್ದರಂತೆ. ಆ ಚಿನ್ನ ತೊಟ್ಟವರ ಹೆಸರು ಇತಿಹಾಸದಲ್ಲಿರಬಹುದು; ಹೊಗೆಯಲ್ಲಿ ಉಸಿರುಗಟ್ಟಿ ದುಡಿದವರ ಹೆಸರು ಎಲ್ಲೂ ಇಲ್ಲ.

ಲಿಂಗಸುಗೂರು ದಾಟಿ ಮುದಗಲ್ ತಲುಪಿದೆವು. ಮೊಹರಂ ಜನಜಂಗುಳಿಗೆ ಮುದಗಲ್‌ಗೆ ಬರುವವರು ಬಹಳ. ಕೋಟೆಯನ್ನು ಸಾವಧಾನವಾಗಿ ನೋಡುವವರು ಕಡಿಮೆ. ಈ ಕೋಟೆಗಾಗಿ ಬಹಮನಿಗಳೂ ವಿಜಯನಗರದವರೂ ಮತ್ತೆ ಮತ್ತೆ ಕಾದಾಡಿದರು. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಒಂದು ಕಥೆ ಬರೆದಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳನ್ನು ವಿಜಯನಗರದ ದೇವರಾಯ ಬಯಸಿದ; ಹೆತ್ತವರು ಒಪ್ಪಿದರೂ ಹುಡುಗಿ ಒಲ್ಲೆನೆಂದಳು; ಅದರಿಂದಲೇ 1406ರ ಯುದ್ಧ ಹೊತ್ತಿಕೊಂಡಿತು. ಕೊನೆಗೆ ಫಿರೋಜ್ ಶಾಹ ಬಹಮನಿ ಆಕೆಯನ್ನು ತನ್ನ ಮಗನಿಗೆ ತಂದುಕೊಂಡನಂತೆ. ನಾದಿನಿ ಕೇಳಿದಳು, "ಭಾಭಿ, ಆ ಮದುವೆಗಾದ್ರೂ ಆಕೆಯ ಒಪ್ಪಿಗೆ ಕೇಳಿದ್ರಾ?" ನಿಕಾಹ್‌ಗೆ ಹೆಣ್ಣಿನ ಸಮ್ಮತಿ ಬೇಕೆಂದು ಕಲಿಸಿದ ಧರ್ಮದವರು ನಾವು. ಉತ್ತರ ನನ್ನಲ್ಲಿರಲಿಲ್ಲ.

ಝುಹರ್ ಮುಗಿಸಿ, ಊಟ ಮಾಡಿ ಮಸ್ಕಿಗೆ ಹೊರಟೆವು. ಬೆಟ್ಟದ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಶಾಸನವಿದೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಆ ದೊರೆ ಅಶೋಕನೇ ಎಂದು ಹೆಸರು ಹೇಳಿ ಖಚಿತಪಡಿಸಿದ್ದು ಈ ಬಂಡೆ.

ಅಲ್ಲಿ ನಿಂತಾಗ ಮಗಳು ಮೆಲ್ಲಗೆ ಕೇಳಿದಳು, "ಅಮ್ಮಿ, ನಿಮ್ದು ಸುಲ್ತಾನರ ಇತಿಹಾಸ, ಅಶೋಕ ನಿಮ್ಮವನಲ್ಲ ಅಂತಾರೆ ಕ್ಲಾಸಲ್ಲಿ. ಹೌದಾ?"

ನನಗಿಂತ ಮೊದಲು ಅತ್ತೆಯೇ ಬಾಯಿಬಿಟ್ಟರು. "ಈ ಮಣ್ಣಿನ ಜೋಳ ತಿಂದು ಬೆಳೆದಿದ್ದೀವಿ ಬೇಟಿ. ಈ ಮಣ್ಣಿನ ಕಲ್ಲು ಮಾತ್ರ ಬೇರೆಯವರದಾ?"

ನಾನು ಗೊತ್ತಿದ್ದಷ್ಟು ಸೇರಿಸಿದೆ. 1915ರಲ್ಲಿ ಈ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಓದಿ ಅರ್ಥ ಬಿಡಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದನ್ನು ಪುಸ್ತಕವಾಗಿ ಹೊರತಂದದ್ದು ಹೈದರಾಬಾದ್ ನಿಜಾಮರ ಪ್ರಾಚ್ಯವಸ್ತು ಇಲಾಖೆ. ಅದರ ಮುಖ್ಯಸ್ಥರಾಗಿದ್ದವರು ಗುಲಾಂ ಯಜ್ದಾನಿ. ಬೌದ್ಧ ಅರಸನ ಮಾತು ಕ್ರೈಸ್ತ, ಹಿಂದೂ, ಮುಸ್ಲಿಮರ ಕೈ ದಾಟಿ ನಮಗೆ ತಲುಪಿದೆ. ಆ ಮಾತಾದರೂ ಏನು? ಒಳಿತಿನ ದಾರಿ ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಿಷ್ಠೆಯಿದ್ದರೆ ಸಣ್ಣವರೂ ಗುರಿ ಮುಟ್ಟಬಹುದು ಎಂಬುದು ಅದರ ಸಾರ. ಅಲ್ಲಾಹನ ಬಳಿ ಗೌರವ ಸಿಗುವುದು ಕುಲದಿಂದಲ್ಲ, ತಕ್ವಾದಿಂದ ಎಂದು ಕೇಳುತ್ತ ಬೆಳೆದ ಮಗುವಿಗೆ ಇದು ಪರಕೀಯವೆನಿಸಲಿಲ್ಲ.

ಸಹೋದರಿಯರೇ, ನಿಮ್ಮೂರಿನ ಹತ್ತಿರವೂ ಒಂದು ಕೋಟೆ, ಒಂದು ಶಾಸನ ಇದ್ದೇ ಇರುತ್ತದೆ. ಹೋಗುವ ಮೊದಲು ಅದರ ಬಗ್ಗೆ ನಾಲ್ಕು ಪುಟ ಓದಿಕೊಳ್ಳಿ. ನೀರು, ಬುತ್ತಿ ಒಯ್ಯಿರಿ. ಶೌಚಾಲಯ ಸಿಗುವ ಊರನ್ನು ಮೊದಲೇ ನೋಡಿಟ್ಟುಕೊಳ್ಳಿ. ಕಲ್ಲಿನ ಮೇಲೆ ಹೆಸರು ಗೀಚದಂತೆ ಮಕ್ಕಳಿಗೆ ತಿಳಿಹೇಳಿ. ಈ ನಾಡು ತನ್ನದೆಂದು ಕಣ್ಣಾರೆ ಕಂಡ ಮಗುವಿನಿಂದ ಅದನ್ನು ಯಾರೂ ಸುಲಭವಾಗಿ ಕಸಿದುಕೊಳ್ಳಲಾರರು.