ಕಲ್ಲು ಕೊಡುವವರು

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು, ಲ್ಯಾಮಿಂಗ್ಟನ್ ರೋಡ್ ದಾಟಿ, ಮೌಲಾನಾ ಶೌಕತ್ ಅಲಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಡೆದರೆ ಚೋರ್ ಬಜಾರಿನ ಗಲ್ಲಿಗಳು ಶುರುವಾಗುತ್ತವೆ. ಹಳೆಯ ಗಡಿಯಾರ, ಗ್ರಾಮಫೋನುಗಳ ಮಟನ್ ಸ್ಟ್ರೀಟ್ ಎಲ್ಲರಿಗೂ ಗೊತ್ತು. ಅದರ ಅಕ್ಕಪಕ್ಕದಲ್ಲಿ ಬಿಚ್ಚಿದ ಗಾಡಿಗಳ ಭಾಗ ಮಾರುವವರಿದ್ದಾರೆ. ಹೊಸ ಸ್ಪೇರ್‌ಪಾರ್ಟು ಬೇಕಾದರೆ ಸ್ಟೇಷನ್ನಿನಿಂದ ದಕ್ಷಿಣಕ್ಕೆ, ಒಪೆರಾ ಹೌಸ್ ಕಡೆಗೆ ಹೋಗಬೇಕು. ಹತ್ತೊಂಬತ್ತು ವರ್ಷಗಳಿಂದ ಈ ಎರಡರ ನಡುವೆ ವಾಸವಾಗಿದ್ದೂ ಅಲ್ಲಿ ನಾನು ಒಂದು ನಟ್ಟನ್ನೂ ಕೊಂಡಿರಲಿಲ್ಲ. ಮುಂಬಯಿಯಲ್ಲಿ ನನಗೆ ಗಾಡಿ ಇಲ್ಲ. ಗಾಡಿ ಇರುವುದು ಕೊಪ್ಪದ ಹತ್ತಿರ, ಅಪ್ಪಯ್ಯನ ಹತ್ತಿರ.

ಅದು 1967ರ ಪೆಟ್ರೋಲ್ ಜೀಪು. ಸರ್ಕಾರಿ ಇಲಾಖೆಯೊಂದರ ಹರಾಜಿನಲ್ಲಿ ಅಪ್ಪಯ್ಯ ಹಿಡಿದದ್ದು. ನಾವು ಮಲೆನಾಡಿನದು ಅಂದುಕೊಂಡಿರುವ ಈ ಗಾಡಿಯ ತವರು ಮುಂಬಯಿಯೇ. 1949ರ ಹೊತ್ತಿಗೆ ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿ ಭಾಗಗಳಾಗಿ ತರಿಸಿ ಮಜಗಾಂವ್‌ನಲ್ಲಿ ಜೋಡಿಸುತ್ತಿದ್ದರು. ಗ್ರಾಂಟ್ ರೋಡಿನಿಂದ ಮಜಗಾಂವ್ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ದಾರಿ, ಟ್ರಾಫಿಕ್ ದಯೆ ತೋರಿದರೆ.

ಆ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬುದು ಹೆಸರಿಗಷ್ಟೇ ಇತ್ತು. ಡ್ಯಾಶಿನ ಕೆಳಗಿನ ಹಿಡಿಯನ್ನು ಮೊಣಕೈವರೆಗೆ ಎಳೆದರೂ ಗಾಡಿ ತನಗೆ ತೋಚಿದ ಕಡೆ ಹೊರಡುತ್ತಿತ್ತು. ಯಾರೂ ಅದನ್ನು ತೊಂದರೆ ಅಂದುಕೊಂಡಿರಲಿಲ್ಲ, ಯಾಕೆಂದರೆ ಕಲ್ಲು ಇತ್ತು. ನಮ್ಮ ಮನೆಗೆ ಹೋಗುವ ದಾರಿ ಕಡಿದಾದ ಏರು, ಅರ್ಧದಲ್ಲಿ ಉಣುಗೋಲು. ಎರಡು ಕಂಬಗಳ ತೂತಿನಲ್ಲಿ ಅಡ್ಡಕ್ಕೆ ತೂರಿಸಿದ ಮೂರು ಗಳ, ದನ ತೋಟಕ್ಕೆ ನುಗ್ಗದಂತೆ. ಅಲ್ಲಿ ಗಾಡಿ ನಿಂತ ಕೂಡಲೇ ಅಮ್ಮ ಎಡಗಡೆಯಿಂದ ಇಳಿದು, ಬೇಲಿ ಬುಡದ ಕಲ್ಲೆತ್ತಿ ಹಿಂದಿನ ಚಕ್ರಕ್ಕೆ ಕೊಟ್ಟು, ಗಳ ಸರಿಸುತ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಪ್ಪಯ್ಯ ಬ್ರೇಕಿನಿಂದ ಕಾಲೆತ್ತಿದ್ದು ಅವಳು "ಹ್ಞೂಂ" ಅಂದ ಮೇಲೆಯೇ.

ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯನೊಬ್ಬನೇ. ವಯಸ್ಸು ಎಪ್ಪತ್ತಾರು. ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟು, ಇಳಿದು ಓಡಿ ಕಲ್ಲಿಡುವುದು. ಗಳ ಸರಿಸಿ, ಗಾಡಿ ಮೇಲೆ ಹತ್ತಿಸಿ, ಮತ್ತೆ ಇಳಿದು ಇನ್ನೊಂದು ಕಲ್ಲು. ಪಕ್ಕದ ಮನೆಯ ಅಣ್ಣ ಇದನ್ನು ನೋಡಿ ನನಗೆ ಫೋನ್ ಮಾಡಿದರು: "ಮಳೆಗಾಲ ಬಂತು ಮಾರಾಯ. ಒಂದೋ ಆ ಜೀಪು ಮಾರ್ಸು, ಇಲ್ಲಾ ಬ್ರೇಕ್ ಮಾಡ್ಸು." ಮಾರುವ ಮಾತನ್ನು ಅಪ್ಪಯ್ಯನ ಮುಂದೆ ಎತ್ತುವುದೇ ಬೇಡ ಅನ್ನಿಸಿತು.

ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಗಳಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿ ಒಂದು ಸಣ್ಣ ಡ್ರಮ್ ಇದೆ. ಯುದ್ಧಕಾಲದ ಮೊದಲ ಜೀಪುಗಳಲ್ಲಿ ಒಂದು ಪಟ್ಟಿ ಈ ಡ್ರಮ್ಮನ್ನು ಹೊರಗಿನಿಂದ ಬಿಗಿಯುತ್ತಿತ್ತು, ಆಮೇಲಿನವುಗಳಲ್ಲಿ ಒಳಗಿನ ಶೂಗಳು ಅಗಲವಾಗಿ ಹಿಡಿಯುತ್ತವೆ. ಯೋಚನೆ ಜಾಣತನದ್ದೇ. ಹಿಂದಿನ ಆ್ಯಕ್ಸಲಿನ ಅನುಪಾತ 5.38. ಶಾಫ್ಟ್ ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹಾಗಾಗಿ ಶಾಫ್ಟಿನಲ್ಲಿ ಹಾಕಿದ ಹಿಡಿತ ಚಕ್ರ ಮುಟ್ಟುವಾಗ ಅಷ್ಟೇ ಪಟ್ಟು ಹೆಚ್ಚಿರುತ್ತದೆ, ತಟ್ಟೆಯಗಲದ ಡ್ರಮ್ಮೂ ಸಾಕಾಗುತ್ತದೆ. ಅದೇ ಕಾರಣಕ್ಕೆ ಓಡುವ ಗಾಡಿಯಲ್ಲಿ ಇದನ್ನು ಎಳೆಯಬಾರದು. ಶಾಫ್ಟಿಗೂ ಯೂನಿವರ್ಸಲ್ ಜಾಯಿಂಟಿಗೂ ಏಟು ಬೀಳುತ್ತದೆ.

ಕಾಯಿಲೆಯೂ ಅದರ ಜಾಗದಲ್ಲೇ ಇದೆ. ಡ್ರಮ್ಮಿನ ಬೆನ್ನಿಗೇ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲ್. ಅದು ಜಿನುಗಿದರೆ ಎಣ್ಣೆ ನೇರ ಲೈನಿಂಗಿಗೆ. ಬ್ರೀದರ್‌ನಲ್ಲಿ ಕೆಸರು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಡುವುದು ನಮ್ಮ ಕಡೆಯ ವೈದ್ಯ. ನಾಲ್ಕು ದಿನ ಹಿಡಿಯುತ್ತದೆ, ಮತ್ತೆ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಬಿಚ್ಚುವವರಿಗೆ ಒಂದು ಮಾತು: ಹಳೆಯ ಲೈನಿಂಗಿನಲ್ಲಿ ಆ್ಯಸ್‌ಬೆಸ್ಟಾಸ್ ಇರುತ್ತದೆ, ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸ ಸೀಲು, ಹೊಸ ಲೈನಿಂಗು ಹಾಕಿದರೆ ಮುಗಿಯಿತು ಎಂಬ ಲೆಕ್ಕದಲ್ಲಿ ಬಿಚ್ಚಿದ ಶೂಗಳನ್ನು ಊರಿನಿಂದ ತರಿಸಿ ಚೋರ್ ಬಜಾರಿಗೆ ಹೋದೆ. ಹಳೇ ಜೀಪಿನ ಭಾಗ ಇಟ್ಟುಕೊಂಡಿದ್ದ ಚಾಚಾ ಶೂಗಳನ್ನು ಬೆಳಕಿಗೆ ಹಿಡಿದು ನೋಡಿ, ಬೆಲೆ ಹೇಳುವ ಮೊದಲು ಕೇಳಿದ್ದು ಇದು: "ಗಾಡಿ ನಿಲ್ಲೋ ನೆಲ ಹೇಗಿದೆ?"

ಕೆಂಪು ಮಣ್ಣು, ಏರು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ಬದಿಗೆ ಪಾಚಿ ಎಂದೆ.

"ಹಾಗಾದ್ರೆ ಇದು ಸಾಲದು ಸಾಬ್," ಎಂದು ಕೌಂಟರಿನ ಮೇಲಿದ್ದ ಎರಡು ಟೀ ಲೋಟಗಳನ್ನು ಚಕ್ರಗಳಂತೆ ಹಿಡಿದು, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿದರು. ಶಾಫ್ಟನ್ನು ನೀವು ಕಬ್ಬಿಣದ ಮುಷ್ಟಿಯಲ್ಲೇ ಹಿಡಿಯಿರಿ, ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ಒಂದು ಚಕ್ರ ಹಿಂದಕ್ಕೆ ಉರುಳಿದರೆ ಇನ್ನೊಂದು ಮುಂದಕ್ಕೆ ತಿರುಗಿ ಅದಕ್ಕೆ ದಾರಿ ಬಿಡುತ್ತದೆ, ಶಾಫ್ಟ್ ಅಲ್ಲಾಡುವುದೇ ಇಲ್ಲ. ಪಂಕ್ಚರ್ ಆದಾಗ ಹಿಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿದೊಡನೆ ಜೀಪು ಜಾರುವುದು ಇದರಿಂದಲೇ. ಜಾಕಿಯೇ ಬೇಕೆಂದಿಲ್ಲ, ಒಂದು ಚಕ್ರ ಪಾಚಿಯ ಮೇಲಿದ್ದರೂ ಸಾಕು. ಗೇರಿನಲ್ಲಿ ಬಿಟ್ಟ ಎಂಜಿನ್ನೂ ಹಿಡಿಯುವುದು ಅದೇ ಶಾಫ್ಟನ್ನು.

ಅಮ್ಮ ಕಲ್ಲು ಕೊಡುತ್ತಿದ್ದದ್ದು ಹ್ಯಾಂಡ್‌ಬ್ರೇಕ್ ಕೆಟ್ಟಿದ್ದಕ್ಕೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಅದು ಸರಿಯಾಗಿದ್ದರೂ ಆ ಜಾಗದಲ್ಲಿ ಕಲ್ಲು ಬೇಕೇ ಇತ್ತು.

ಆಮೇಲೆ ಉಳಿದದ್ದು ಮೂರು ದಾರಿ. ಒಂದಕ್ಕೆ ಖರ್ಚೇ ಇಲ್ಲ: ನಿಲ್ಲಿಸುವಾಗ ಫೋರ್‌ವೀಲ್ ಹಾಕುವುದು. ಮುಂದಿನ ಶಾಫ್ಟೂ ಹಿಂದಿನದಕ್ಕೆ ಕಚ್ಚಿಕೊಳ್ಳುತ್ತದೆ, ಹಿಂದಿನ ಒಂದು ಚಕ್ರ ಜಾರಿದರೂ ಮುಂದಿನವು ಹಿಡಿಯುತ್ತವೆ. ಜೊತೆಗೆ ಲೋ ಮತ್ತು ಫಸ್ಟ್ ಗೇರ್ ಹಾಕಿದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಸುಮಾರು 37 ಸುತ್ತು ತಿರುಗಬೇಕಾಗುತ್ತದೆ. ಒಳ್ಳೆಯ ಅಭ್ಯಾಸವೇ, ಆದರೆ ಉಣುಗೋಲಿಗೆ ಸಲ ಸಲವೂ ಮೂರು ಲಿವರ್ ಎಳೆದಾಡುವುದು ಎಪ್ಪತ್ತಾರರ ಕೈಗೆ ಹೆಚ್ಚು. ಎರಡನೆಯದು ಡ್ರಮ್ಮಿನ ಜಾಗದಲ್ಲಿ ಡಿಸ್ಕ್ ಕೂರಿಸುವುದು. ನೋಡಲು ಚೆಂದ, ಎಣ್ಣೆಯ ಕಾಟವೂ ಕಮ್ಮಿ, ಆದರೆ ಅದು ಹಿಡಿಯುವುದೂ ಶಾಫ್ಟನ್ನೇ. ಮೂರನೆಯದು ಈಗಿನ ಗಾಡಿಗಳಂತೆ ಹಿಂದಿನ ಚಕ್ರಗಳಲ್ಲೇ ಕೇಬಲ್ಲಿನ ಬ್ರೇಕ್. ಲಿವರ್ ಇರುವ ಶೂಗಳು, ಅದಕ್ಕೆ ಹೊಂದುವ ಬ್ಯಾಕ್‌ಪ್ಲೇಟು, ಹಲ್ಲುಗಳಿರುವ ಹೊಸ ಹಿಡಿ, ಎರಡು ಕೇಬಲ್. ಎರಡು ಚಕ್ರಗಳೂ ಬೇರೆ ಬೇರೆ ನಿಲ್ಲುತ್ತವೆ, ಒಂದು ಜಾರಿದರೆ ಇನ್ನೊಂದು ಬಿಡುವುದಿಲ್ಲ.

ಹಳೇ ಗಾಡಿಯನ್ನು ಹುಟ್ಟಿದ ರೂಪದಲ್ಲೇ ಇಡಬೇಕು ಎನ್ನುವವರ ಮೇಲೆ ನನಗೆ ಗೌರವವಿದೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಬ್ರೇಕಿನ ಮಾತು ಅದರಲ್ಲಿ ಬರುವುದಿಲ್ಲ. ಆದರೆ ವಿಂಟೇಜ್ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಅಪ್ಪಯ್ಯನಿಗೆ ವಾರಕ್ಕೆರಡು ಸಲ ಸೊಸೈಟಿಗೆ ಹೋಗಬೇಕು, ಗೊಬ್ಬರ ತರಬೇಕು. ಪ್ರದರ್ಶನದ ಯೋಚನೆ ಅಲ್ಲಿಗೇ ಬಿಟ್ಟೆ.

ಚಾಚಾ ಹತ್ತಿರ ಬ್ಯಾಕ್‌ಪ್ಲೇಟು, ಲಿವರುಗಳು ಸಿಕ್ಕವು. ಲೈನಿಂಗು, ಸೀಲು, ಕೇಬಲ್ಲನ್ನು ಒಪೆರಾ ಹೌಸಿನಲ್ಲಿ ಹೊಸದೇ ಕೊಂಡೆ. ಇವುಗಳಲ್ಲಿ ಹಳೆಯದು ಕೊಳ್ಳಬಾರದೆಂದು ಗಟ್ಟಿಯಾಗಿ ಹೇಳಿದವರೂ ಚಾಚಾನೇ. ಗೋಣಿಯಲ್ಲಿ ಕಟ್ಟಿ ಮತ್ಸ್ಯಗಂಧದಲ್ಲಿ ಉಡುಪಿಗೆ, ಅಲ್ಲಿಂದ ಆಗುಂಬೆ ಘಾಟಿಯ ಮಿನಿ ಬಸ್ಸಿನಲ್ಲಿ ಮೇಲಕ್ಕೆ. ಕಂಡಕ್ಟರ್ ಗೋಣಿಗೂ ಟಿಕೆಟ್ ಹರಿದ.

ಕೊಪ್ಪದ ಮೇಸ್ತ್ರಿ ಎರಡು ದಿನ ತೆಗೆದುಕೊಂಡರು. ಬ್ಯಾಕ್‌ಪ್ಲೇಟಿನ ತೂತು ಹೊಂದದೆ ಹೊಸದಾಗಿ ಕೊರೆಯಬೇಕಾಯಿತು. ಸ್ಪ್ರಿಂಗ್ ಪಟ್ಟಿ ಮೇಲೆ ಕೆಳಗೆ ಆಡುವಾಗ ಎಳೆಯದಂತೆ ಕೇಬಲ್ಲನ್ನು ಸಡಿಲ ಬಿಟ್ಟು ಕ್ಲಾಂಪ್ ಹಾಕಿದರು. ಶಾಫ್ಟಿನ ಡ್ರಮ್ಮನ್ನು ಕಿತ್ತೆಸೆಯಲು ಅಪ್ಪಯ್ಯ ಬಿಡಲಿಲ್ಲ. ಅದಕ್ಕೂ ಹೊಸ ಸೀಲು, ಲೈನಿಂಗು ಹಾಕಿಸಿ, ಹಳೇ ಹಿಡಿಯನ್ನು ಅದರ ಜಾಗದಲ್ಲೇ ಉಳಿಸಿದೆವು. ಈಗ ಎರಡು ಹ್ಯಾಂಡ್‌ಬ್ರೇಕ್.

ಪರೀಕ್ಷೆ ಉಣುಗೋಲಿನ ಹತ್ತಿರವೇ ನಡೆಯಿತು. ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಚಕ್ರದಿಂದ ಒಂದು ಅಡಿ ಹಿಂದೆ ದಿಮ್ಮಿ ಇಟ್ಟು, ಎಡಚಕ್ರ ಪಾಚಿಯ ಮೇಲೆ ಬರುವಂತೆ ನಿಲ್ಲಿಸಿದೆವು. ಮೊದಲು ಹಳೇ ಹಿಡಿಯೊಂದನ್ನೇ ಎಳೆದರು. ಎಡಚಕ್ರ ಇದ್ದಲ್ಲೇ ಮುಂದಕ್ಕೆ ಗಿರಕಿ ಹೊಡೆಯಿತು, ಬಲಚಕ್ರ ಉರುಳಿತು, ಗಾಡಿ ಹೋಗಿ ದಿಮ್ಮಿಗೆ ಒರಗಿತು. ಚಾಚಾನ ಟೀ ಲೋಟ. ಮತ್ತೆ ಮೇಲೆ ಹತ್ತಿಸಿ ಹೊಸದನ್ನು ಎಳೆದರು, ಐದು ಹಲ್ಲು. ನಿಂತಿತು. ಅಪ್ಪಯ್ಯ ಕಾಲೆತ್ತಿದವನು ಇಳಿಯಲಿಲ್ಲ, ಸುಮ್ಮನೆ ಕೂತು ಎಡಗಡೆ ನೋಡಿದ. ನಾನು "ಹ್ಞೂಂ" ಅಂದೆ. ಆಮೇಲೆ ಇಳಿದ.

ಹೊಸ ಕೇಬಲ್ ಮೊದಲ ತಿಂಗಳುಗಳಲ್ಲಿ ಹಿಗ್ಗುತ್ತದೆ, ಮತ್ತೆ ಬಿಗಿಸಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. ಮೊನ್ನೆ ಅಪ್ಪಯ್ಯನ ಫೋನು: ಐದು ಹಲ್ಲಿಗೆ ನಿಲ್ಲುತ್ತಿದ್ದದ್ದು ಈಗ ಏಳಕ್ಕೆ ಬಂದಿದೆ, ಸೋಮವಾರ ಕೊಪ್ಪಕ್ಕೆ ಒಯ್ಯುತ್ತೇನೆ. ಉಣುಗೋಲಿನ ನಡುವಿನ ಗಳವೂ ಗೆದ್ದಲು ಹಿಡಿದಿದೆಯಂತೆ, ಬದಲಿಸಬೇಕು.