ಉಣುಗಿನ ಇಂಗ್ಲಿಷ್ ಹೆಸರು

1983ರ ಜೂನಿನಲ್ಲಿ ನಾವು ನಾಲ್ಕು ಜನ ಬಿ.ಎಸ್ಸಿ. ಸೇರಿದೆವು. ಭಟ್ಕಳ ಬಂದರದ ಖಾರ್ವಿ ಒಬ್ಬ. ಕುಮಟಾ ತಾಲೂಕಿನ ಸಾಣೀಕಟ್ಟೆಯ ಉಪ್ಪಿನ ಆಗರದಿಂದ ಬಂದ ಆಗೇರ ಒಬ್ಬ. ಹೊನ್ನಾವರದ ಗೇರಸೊಪ್ಪೆ ಕಡೆಯ ಬೆಟ್ಟದ ಬುಡದ ಮುಕ್ರಿಗಳು ಇಬ್ಬರು. ನಾಲ್ವರಿಗೂ ಡಾಕ್ಟರ್ ಆಗುವ ಆಸೆ ಇತ್ತು, ನಾಲ್ವರಿಗೂ ಮಾರ್ಕು ಸಾಲಲಿಲ್ಲ. ಕುಮಟೆಯಲ್ಲಿ ಬಾಳಿಗಾ ಕಾಲೇಜು, ಹೊನ್ನಾವರದಲ್ಲಿ ಎಸ್.ಡಿ.ಎಂ., ಭಟ್ಕಳದಲ್ಲಿ ಅಂಜುಮನ್. ಎಲ್ಲಕ್ಕೂ ಪರೀಕ್ಷೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ನಾವು ಕೂತ ಬೆಂಚು ಯಾವುದರದ್ದು ಎಂಬುದು ಇಲ್ಲಿ ಮುಖ್ಯವಲ್ಲ.

ಏಳನೇ ಇಯತ್ತೆಯಿಂದ ಹತ್ತರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು ನಾವು. ಜೀವಕೋಶ, ಅಪಧಮನಿ, ಮೂತ್ರಪಿಂಡ ಎಂದು ಕಲಿತಿದ್ದೆವು. ಇಲ್ಲಿ ಎಲ್ಲವೂ ಇಂಗ್ಲಿಷು. ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದು ಬಲು ಬೇಗ ಬರುತ್ತದೆ, ಅದೇ ಅದರ ಕೇಡು.

ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಸ್ಕೋಲಿಯೋಡಾನ್ ಕೊಯ್ಯಬೇಕಿತ್ತು. ಸ್ಕೋಲಿಯೋಡಾನ್ ಅಂದರೆ ನಮ್ಮ ತಾಟೆ ಮೀನು, ಬೇರೇನಲ್ಲ. ಖಾರ್ವಿ ಗೆಳೆಯ ಬಂದರದಿಂದ ಬುಟ್ಟಿಯಲ್ಲಿ ತರುತ್ತಿದ್ದ. ಹುಟ್ಟಿದಾಗಿನಿಂದ ಅವ್ವಿಯ ಪಕ್ಕ ಕೂತು ಮೀನು ಹೆಚ್ಚಿದವನು ಅವನು. ತಲೆಯ ನರಗಳನ್ನು ಒಂದೂ ತುಂಡಾಗದ ಹಾಗೆ ಬಿಡಿಸಿಡುತ್ತಿದ್ದ. ಆಮೇಲೆ ವೈವಾ. ಪರೀಕ್ಷಕರು ಕಡ್ಡಿ ತೋರಿಸಿ ಇದು ಯಾವ ನರ ಎಂದರೆ ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ನರವನ್ನು ಕಡಿದು ಹಾಕಿದವರು ಹೆಸರು ಒದರಿ ಮಾರ್ಕು ತೆಗೆದುಕೊಂಡರು. (2014ರಲ್ಲಿ ಯುಜಿಸಿ ಪ್ರಾಣಿ ಕೊಯ್ಯುವುದನ್ನೇ ನಿಲ್ಲಿಸಿ ಎಂದಿತು. ಕೈಗಿದ್ದ ಆ ಒಂದು ಪರೀಕ್ಷೆಯೂ ಹೋಯಿತು.)

ನಿಜವಾಗಿ ಹೇಳಬೇಕಾದ್ದು ಇದಲ್ಲ. 1986ರ ಮಾರ್ಚಿನದ್ದು.

ಕೊನೆಯ ವರ್ಷದ ಪರೀಕ್ಷೆಗೆ ಓದಲೆಂದು ನಾಲ್ವರೂ ಬೆಟ್ಟದ ಕೇರಿಗೆ ಹೋಗಿ ಕೂತಿದ್ದೆವು. ಅದು ನಮ್ಮಲ್ಲೊಬ್ಬನ ದೊಡ್ಡವ್ವಿಯ ಮನೆ. ಮೊದಲ ಸಂಜೆಯಿಂದಲೇ ಅವಳು ನಾಲ್ವರಿಗೂ ದೊಡ್ಡವ್ವಿಯಾದಳು. ಬೆಳಿಗ್ಗೆ ಗಂಜಿ ಕಾಯಿಸಿಟ್ಟು ಒಡೆಯರ ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು ಹೋಗುತ್ತಿದ್ದಳು. ಆ ದರಕು ಒಡೆಯರ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಒಡೆಯರ ಅಡಿಕೆ ತೋಟಕ್ಕೆ. ಬರಿಗಾಲು, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ತಲೆಯ ಮೇಲೆ ಕುತ್ತಿಗೆ ಮುಚ್ಚುವಷ್ಟು ದೊಡ್ಡ ಹೊರೆ.

ನಾವು ಚಿಮಣಿ ದೀಪದ ಮುಂದೆ ಉರು ಹೊಡೆಯುತ್ತಿದ್ದೆವು: ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ವೆಕ್ಟರ್ ಹೀಮಾಫೈಸಾಲಿಸ್ ಸ್ಪಿನಿಜೆರಾ, ಲಾರ್ವಾ, ನಿಂಫ್, ಅಡಲ್ಟ್. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಸತ್ತರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು. ಮೊದಲು ಅದನ್ನು ಹಳದಿ ಜ್ವರವೆಂದು ಸಂಶಯಪಟ್ಟಿದ್ದರು. ಇಷ್ಟೂ ನಮಗೆ ಬಾಯಿಪಾಠ. ಐದು ಮಾರ್ಕಿನ ಟಿಪ್ಪಣಿ.

ದೊಡ್ಡವ್ವಿ ಒಲೆಯ ಮುಂದಿನಿಂದ ಕೇಳಿದಳು, "ಎಂತದ್ರಾ ಅದು, ಆಗಿಂದ ಒಂದೇ ಹೇಳ್ತ್ರಿ?"

"ನಿಂಗೆ ತಿಳೂದಿಲ್ಲ ದೊಡ್ಡವ್ವಿ, ಇಂಗ್ಲಿಷು."

ಅವಳು ನಕ್ಕಳು. ಆಮೇಲೆ, ಬೇರೆ ಏನೋ ಮಾತೆಂಬಂತೆ, "ಮೇಲಿನ ಬೆಟ್ಟದಲ್ಲಿ ಎರಡು ಮಂಗ, ಒಂದು ಮುಸಿಯ ಸತ್ತು ಬಿದ್ದದೆ. ನಾತ ಹೊಡೀತದೆ" ಅಂದಳು. ನಾವು ಪುಟ ತಿರುಗಿಸಿದೆವು.

ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಆರನೇ ದಿನ ಅವಳಿಗೆ ಜ್ವರ ಬಂತು. ಹಣೆ ಒಡೆದುಹೋಗುವಂಥ ನೋವು, ಮೈಕೈ ಹಿಂಡಿದ ಹಾಗೆ, ಕಣ್ಣು ಕೆಂಪು. ನಾವು ಕುಡಿಯಲು ಕೊಟ್ಟೆವು, ಹಣೆಗೆ ಒದ್ದೆ ಬಟ್ಟೆ ಇಟ್ಟೆವು. ಕಾಲು ಒತ್ತುವಾಗ ಮೊಣಕಾಲಿನ ಹಿಂದೆ ಕಚ್ಚಿಕೊಂಡಿದ್ದ ಎಳ್ಳಿನಷ್ಟು ಉಣುಗನ್ನು ನಮ್ಮಲ್ಲೊಬ್ಬ ಉಗುರಿನಿಂದ ಕಿತ್ತು ಬೆಂಕಿಗೆ ಹಾಕಿದ. ಉಣುಗು ಕಚ್ಚುವುದು ಬೆಟ್ಟಕ್ಕೆ ಹೋಗುವವರಿಗೆ ದಿನದ ಮಾತು. ಪಕ್ಕದಲ್ಲೇ ತೆರೆದಿಟ್ಟ ಪುಸ್ತಕದಲ್ಲಿದ್ದ ನಿಂಫ್ ಅದೇ ಎಂದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮೂಗಿನಲ್ಲಿ ರಕ್ತ ಬಂದ ಮೇಲೆ ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ತಂದೆವು. ಆಸ್ಪತ್ರೆಯಲ್ಲಿ ಟೈಫಾಯಿಡ್ ಇರಬೇಕು ಅಂದರು. "ಸಯನ್ಸ್ ಓದೋ ಹುಡುಗರಾ?" ಎಂದು ಕೇಳಿದ್ದಕ್ಕೆ ನಮಗೆ ಹಿಗ್ಗಾಯಿತು, ತಲೆಯಾಡಿಸಿದೆವು, ಟೈಫಾಯಿಡ್ ಎಂಬುದಕ್ಕೂ ಸೇರಿಸಿ. ಮಂಗ ಸತ್ತದ್ದನ್ನು ಹೇಳಬೇಕೆಂದು ಅನ್ನಿಸಲೇ ಇಲ್ಲ. ನಂತರ ಬಂದ ಒಬ್ಬ ಕಿರಿಯ ಡಾಕ್ಟರು ತಾವಾಗಿ ಕೇಳಿದರು, "ಬೆಟ್ಟಕ್ಕೆ ಹೋಗ್ತಿದ್ರಾ?" ಅವರೇ ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸಿದರು. ಈ ರೋಗಕ್ಕೆಂದೇ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹೊತ್ತಿಗೆ ನೀರು, ಸಲೈನ್, ಆರೈಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ನೂರರಲ್ಲಿ ಮೂರೋ ಐದೋ ಜನ ಉಳಿಯುವುದಿಲ್ಲ. ವರದಿ ಬಂದಾಗ ದೊಡ್ಡವ್ವಿಯ ದಿನದ ಊಟ ಮುಗಿದಿತ್ತು.

ಪರೀಕ್ಷೆಯಲ್ಲಿ ಆ ಟಿಪ್ಪಣಿ ಬಂತು. ನಾಲ್ವರೂ ಬರೆದೆವು, ನಾಲ್ವರೂ ಪಾಸಾದೆವು.

ರೋಗಕ್ಕೆ ಜಾತಿಯಿಲ್ಲ ಎಂದು ಭಾಷಣ ಮಾಡುವವರಿದ್ದಾರೆ. ವೈರಸ್ಸಿಗೆ ಇಲ್ಲ, ಸರಿ. ದರಕು ಗುಡಿಸುವ ಕೆಲಸಕ್ಕೆ ಇದೆ. ಆದರೆ ಅವಳನ್ನು ಕೊಂದದ್ದು ಒಡೆಯರ ಬೆಟ್ಟ ಮಾತ್ರ ಎಂದು ಬರೆದು ಕೈ ತೊಳೆದುಕೊಳ್ಳಲು ನಮಗೆ ಆಗುತ್ತಿಲ್ಲ. ಕೇರಿಯಿಂದ ಮೊದಲ ಸಲ ವಿಜ್ಞಾನ ಓದಲು ಹೋದವರು ನಾವು. ಓದಿದ್ದನ್ನು ಕೇರಿಯ ಮಾತಿಗೆ ತಾಗಿಸದೆ ಇಟ್ಟುಕೊಂಡವರೂ ನಾವೇ. "ನಿಂಗೆ ತಿಳೂದಿಲ್ಲ" ಎಂಬ ಮಾತನ್ನು ಒಡೆಯರು ನಮಗೆ ಹೇಳುತ್ತಿದ್ದರು. ನಾವು ಮೂರು ವರ್ಷ ಓದಿ ಅದನ್ನೇ ದೊಡ್ಡವ್ವಿಗೆ ಹೇಳಿದೆವು.

ಖಾರ್ವಿ ಗೆಳೆಯ ಬೋಟಿಗೆ ಹಿಂದಿರುಗಿದ, ಈಗ ಇಲ್ಲ. ಇಬ್ಬರು ಮಾಸ್ತರಾದರು. ಒಬ್ಬ ಲ್ಯಾಬ್ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷ ಬೇರೆಯವರ ರಕ್ತ ಎಳೆದು ನಿವೃತ್ತನಾದ. ಜಿಲ್ಲೆಗೆ ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಆದರೂ ಜೀವದ ಪ್ರಶ್ನೆ ಬಂದರೆ ನಮ್ಮ ಮೂರು ತಾಲೂಕಿನ ಆಂಬ್ಯುಲೆನ್ಸು ತಿರುಗುವುದು ಮಣಿಪಾಲದ ಕಡೆಗೇ. ಮಂಗನ ಕಾಯಿಲೆಗೆ ವರ್ಷಗಟ್ಟಲೆ ಕೊಟ್ಟ ಲಸಿಕೆಯನ್ನು ಗುಣ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಉಳಿದದ್ದು ಮೈಗೆ ಹಚ್ಚುವ ಡೇಪಾ ಎಣ್ಣೆ.

2024ರ ಮೊದಲ ತಿಂಗಳುಗಳಲ್ಲಿ ಪಕ್ಕದ ಸಿದ್ದಾಪುರದಲ್ಲಿ ಕಾಯಿಲೆ ಜೋರಾದಾಗ ನಾವು ಮೂವರು ಆ ಕೇರಿಗೆ ಹೋದೆವು, ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಲು. ದೊಡ್ಡವ್ವಿಯ ಜೊತೆ ದರಕಿಗೆ ಹೋಗುತ್ತಿದ್ದ ಮುದುಕಿ ಜಗಲಿಯಲ್ಲಿ ಕೂತಿದ್ದಳು. ಅವಳ ಮೊಮ್ಮಗಳು ಈಗ ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ಮಾತು ಮುಗಿಯುವವರೆಗೆ ಕಾದು ಮುದುಕಿ ಅಂದಳು, "ಮಳೆ ಹಿಡಿದ ಮೇಲೆ ದನದ ಕಿವೀಲಿ ದೊಡ್ಡುಣುಗು. ದೀಪಾವಳಿ ಹೊತ್ತಿಗೆ ಹುಡಿ ಹಾಂಗೆ, ಕಣ್ಣಿಗೆ ಕಾಣೂದಿಲ್ಲ, ಬರೀ ತುರಿಕೆ. ಸುಗ್ಗಿ ಹಬ್ಬದ ಹೊತ್ತಿಗೆ ಎಳ್ಳಿನಷ್ಟು. ಜ್ವರ ಬರೂದು ಆ ಎಳ್ಳುಣುಗಿನ ಕಾಲದಲ್ಲೇಯ."

ಅಡಲ್ಟ್, ಲಾರ್ವಾ, ನಿಂಫ್. ತಿಂಗಳು ಸಹಿತ.

ಮೊಮ್ಮಗಳು ಒಳಗೆ ಹೋಗಿ ನೋಟ್‌ಬುಕ್ಕು ತಂದಳು. ಅಜ್ಜಿಯ ಪಕ್ಕ ಕೂತು, "ಹುಡಿ ಹಾಂಗೆ ಇರೂದು ಯಾವಾಗ ಅಂದ್ಯೇ ಅಜ್ಜಿ? ಇನ್ನೊಂದ್ಸಲ ಹೇಳು, ಸಾವಕಾಶ" ಅಂದಳು.