ಅತ್ತಿ ಕಲತ ಒಂದಽ ಅಕ್ಷರ

ಅತ್ತಿಯವರು ಶಾಂಘೈಗೆ ನಮ್ಮ ಮನಿಗೆ ಬಂದಾಗ ಅವಲಕ್ಕಿ, ಮೆಂತೆಹಿಟ್ಟು, ಚಟ್ನಿಪುಡಿ ಎಲ್ಲಾ ಕಟಗೊಂಡಽ ಬಂದಿದ್ರು. ಆದ್ರ ಮೊದಲನೇ ತಿಂಗಳು ಮನಿ ಬಿಟ್ಟು ಹೊರಗ ಹೆಜ್ಜಿ ಇಡಲಿಲ್ಲ ನೋಡ್ರಿ. ಹೊರಗ ಹೋದ್ರ ಹಸಿವಿ ಆಗತದ, ಹಸಿವಿ ಆದ್ರ ತಿನ್ನಲಿಕ್ಕೆ ಏನೂ ಸಿಗೂದಿಲ್ಲ, ಅದಕ್ಕ ಹೋಗೂದಽ ಬ್ಯಾಡ ಅಂತ ಅವರ ಲೆಕ್ಕ. ಹದಿನಾಲ್ಕನೇ ಮಾಳಗಿ ಕಿಡಕಿ ಮುಂದ ಕೂತು ಕೂತು ಮಾರಿ ಇಳದು ಹೋಗಿತ್ತು.

ಅವರ ಅಂಜಿಕಿ ಸುಳ್ಳೇನಲ್ಲ. ಇಲ್ಲೆ ಬೀನ್ಸ್ ಪಲ್ಯಾ ಅಂತ ಹೇಳಿದ್ರೂ ಅದರ ಮ್ಯಾಲೆ ಹಂದಿ ಖೀಮಾ ಉದರಸಿ ತರಬಹುದು. ತೋಫು ಅಂದ್ರ ಚಿಂತಿ ಇಲ್ಲ ಅನಕೋತೀವಿ, ಮಾಪೋ ತೋಫುದಾಗ ಮಾಂಸದ ಚೂರು ಇರತಾವ. ಮಾಂಸ ಬ್ಯಾಡ ಅಂದ್ರ ತುಂಡು ತಗದು ಕೊಡತಾರ, ಸಾರು ಮಾತ್ರ ಕೋಳೀದು. ಮೋಸಾ ಮಾಡಬೇಕಂತ ಅಲ್ಲ, ಬಾಯಿಗೆ ಸಿಗೋ ತುಂಡಿಗೆ ಅಷ್ಟಽ ಮಾಂಸ ಅಂತಾರ.

ಇದಕ್ಕ ಬೇಕಾದ ಅಕ್ಷರ ಒಂದಽ. ಅದರ ಹೆಸರು ಸೂ. ದನಿ ಮ್ಯಾಲಿಂದ ಕೆಳಗ ಧಪ್ ಅಂತ ಬೀಳಬೇಕು. ಅದನ್ನಽ ಎತ್ತರದಾಗ ಸಪಾಟ ಎಳದ್ರ ಗರಿಗರಿ ಅಂತ ಅರ್ಥಾಗತದ. 'ನಾ ಸಸ್ಯಾಹಾರ ತಿಂತೀನಿ' ಅನ್ನಲಿಕ್ಕೆ 'ವೋ ಛಿ ಸೂ' ಅನ್ನಬೇಕು. ತಿನ್ನೂದಕ್ಕ ಇವರು ಛಿ ಅಂತಾರ ಅಂತ ಕೇಳಿ ಅತ್ತಿ ಎಷ್ಟೋ ದಿವಸದ ಮ್ಯಾಲೆ ನಕ್ಕರು. "ಹಂಗಾರ ನಾ ನಿನ್ನ ಗಂಡನ ಜೋಡಿ ಸಣ್ಣಾಂವ ಇದ್ದಾಗಿಂದ ಚೀನೀ ಭಾಷಾನಽ ಮಾತಾಡೇನಿ ತಗೋ" ಅಂದ್ರು.

ಬರೀಲಿಕ್ಕೆ ಕಲಿಸಿದ್ದು ನಾನಲ್ಲ, ಎದುರು ಮನಿ ಅಜ್ಜಿ. ಆಕಿ ತಿಂಗಳಿಗೆ ಎರಡು ದಿವಸ ಸೂ ತಿಂತಾಳ, ಅವರ ಚಾಂದ್ರಮಾನದ ಒಂದನೇ ತಾರೀಖು, ಹದಿನೈದನೇ ತಾರೀಖು. ಅಂದ್ರ ಹೆಚ್ಚು ಕಡಿಮಿ ನಮ್ಮ ಅಮವಾಸ್ಯಿ, ಹುಣ್ಣಿವಿ. ಇದನ್ನ ಕೇಳಿದ ಮ್ಯಾಲೆ ಅತ್ತಿಗೆ ಆಕಿ ಮ್ಯಾಲೆ ಒಂದು ನಮೂನಿ ವಿಶ್ವಾಸ ಕೂತು. ಇಲ್ಲಿ ಮಂದಿ ಅಕ್ಷರಾ ತಿಳಿಸಬೇಕಂದ್ರ ಅಂಗೈ ಮ್ಯಾಲೆ ಬಟ್ಟಿಲೆ ಬರದು ತೋರಸತಾರ. ಆಕಿ ಅತ್ತಿ ಅಂಗೈನಽ ಹಿಡಕೊಂಡು ಬರದಳು. ಮರದಿವಸ ಶಾಲಿ ಹುಡುಗರ ಚೌಕದ ವಹಿ ಒಂದು ತಂದುಕೊಟ್ಟಳು.

ಒಟ್ಟು ಹತ್ತು ಗೀಟು. ಎರಡು ಅಡ್ಡ ಗೀಟು, ಅವನ್ನ ಸೀಳಿ ಇಳಿಯೋ ಒಂದು ಉದ್ದ ಗೀಟು, ಬುಡಕ್ಕ ಎಲ್ಲಾದಕ್ಕಿಂತ ಅಗಲದ ಇನ್ನೊಂದು ಅಡ್ಡ ಗೀಟು. ಅದರ ಕೆಳಗ ನೂಲು ಹೊಸದಂಗ ಎರಡು ಮುರುವು, ಒಂದು ಚುಕ್ಕಿ, ನಡುವ ಕೊಕ್ಕಿ ಇರೋ ಉದ್ದ ಗೀಟು, ಅತ್ತಿತ್ತ ಒಂದೊಂದು ಚುಕ್ಕಿ. ಈ ಕ್ರಮಾ ಬದಲ ಮಾಡೂಹಂಗಿಲ್ಲ. ನಾಕನೇತ್ತಾಕ್ಕ ಶಾಲಿ ಬಿಟ್ಟ ನಮ್ಮ ಅತ್ತಿ ಕ್ರಮಕ್ಕ ಅಂಜಲಿಲ್ಲ, ಐವತ್ತು ವರ್ಷ ಬಾಗಲಾ ಮುಂದ ರಂಗೋಲಿ ಹಾಕಿದ ಕೈ ಅದು. ಮೂರು ಪುಟ ತುಂಬಿಸಿದ್ರು. ನನ್ನ ಅಕ್ಷರಕಿಂತ ಛಂದ ಬಂದಾವ, ಖರೇನಽ.

ಕೆಳಗಿನ ಭಾಗ ರೇಷ್ಮಿ ಎಳಿ. ಸೂ ಅಂದ್ರ ಮೂಲದಾಗ ಬಣ್ಣಾ ಹಾಕಲಾರದ ಬಿಳೇ ರೇಷ್ಮಿ. ಅದರಿಂದ 'ಸಾದಾ' ಅನ್ನೋ ಅರ್ಥ ಬಂತು, ಆಮ್ಯಾಲೆ ಸಾದಾ ಊಟ. ಮೇಕಪ್ ಇಲ್ಲದ ಮಾರಿಗೂ ಸೂ, ಸೂತಕದ ಬಿಳೇ ಅರಬಿಗೂ ಸೂ, ವಿಟಮಿನ್ ಅನ್ನೋ ಶಬ್ದದ ಬಾಲಕ್ಕೂ ಅದಽ ಸೂ. ಅತ್ತಿಗೆ ಬಿಳೇ ರೇಷ್ಮಿ ಮಾತು ಭಾಳ ಮನಸಿಗೆ ಬಂತು. "ಮಡಿ ಸೀರಿನಽ ಊಟ ಆತು ಬಿಡು" ಅಂದ್ರು. ಮಾವನವರು ಹೋಗಿ ವರ್ಷ ಆಗಿತ್ತಷ್ಟಽ, ಸೂತಕದ ಅರಬಿ ಬಗ್ಗೆ ಏನೂ ಅನ್ನಲಿಲ್ಲ.

ಎರಡನೇ ತಿಂಗಳು ಒಂದು ಮುಂಜಾನೆ ಒಬ್ಬರಽ ಕೆಳಗ ಇಳದು, ಬಿದಿರಿನ ಬುಟ್ಟ್ಯಾಗ ಬಾವ್‌ಜ಼ಿ ಬೇಯಿಸೋ ಅಂಗಡಿ ಫಲಕದಾಗ ತಮ್ಮ ಅಕ್ಷರಾ ಹುಡುಕಿ, ಬಟ್ಟು ತೋರಿಸಿ, ಸೊಪ್ಪಿನ ಹೂರಣದ ಎರಡು ಬಾವ್‌ಜ಼ಿ ತಂದ್ರು. ಒಂದು ನನಗ. ಆ ಬಿಸಿ ಕಡಬು ಕೈಯಾಗ ಹಿಡಕೊಂಡು ನನಗ ಮಾತಽ ಹೊರಡಲಿಲ್ಲ.

1922ರಾಗ ಸುರು ಆದ, ನಾನ್‌ಜಿಂಗ್ ರಸ್ತೆದಾಗಿನ ಗೊಂಗ್‌ದೆಲಿನ್ ಅನ್ನೋ ಸಸ್ಯಾಹಾರಿ ಹೋಟೆಲ್ಲಿಗೂ ಕರಕೊಂಡು ಹೋದೆ. ಅಲ್ಲೆ ಸೋಯಾದ್ದಽ ಕೋಳಿ, ಸೋಯಾದ್ದಽ ಬಾತುಕೋಳಿ. "ಬ್ಯಾಡಂತ ಬಿಟ್ಟದ್ದರ ಹೆಸರು ಯಾಕ ಬೇಕು ಇವರಿಗೆ?" ಅಂದ್ರು ಅತ್ತಿ. ನನಗೂ ಹಂಗಽ ಅನಸ್ತದ.

ಸೂಗೆ ವಿರುದ್ಧದ ಅಕ್ಷರ ಹುನ್, ಮಾಂಸದ ಊಟ. ಮಜಾ ಏನಂದ್ರ ಅದರ ತಲಿ ಮ್ಯಾಲೆ ಹುಲ್ಲಿನ ಗುರ್ತು ಅದ, ಯಾಕಂದ್ರ ಮೊದಲ ಅದು ಬಳ್ಳೊಳ್ಳಿ, ಉಳ್ಳಾಗಡ್ಡಿಯಂಥಾ ಘಾಟಿನ ಪದಾರ್ಥದ ಹೆಸರು. ಗುಡಿಯೊಳಗಿನ ಸೂ ಊಟದಾಗ ಇವತ್ತಿಗೂ ಅವು ಇರೂದಿಲ್ಲ.

ಅದಕ್ಕಽ ಅತ್ತಿ ಧಾರವಾಡಕ್ಕ ಹೋದ ಮ್ಯಾಲೆ ಆ ಅಜ್ಜಿಗೆ ಅಂತ ಬಳ್ಳೊಳ್ಳಿ ಹಾಕಲಾರದ ಶೇಂಗಾ ಚಟ್ನಿ ಮಾಡಿ, ಡಬ್ಬಿ ಮ್ಯಾಲೆ ಚೀಟಿ ಅಂಟಿಸಿ, ಹತ್ತೂ ಗೀಟು ತಾವಽ ಬರದು ನನ್ನ ಗಂಡನ ಕೈಯಾಗ ಕಳಿಸಿದ್ರು. ಅಜ್ಜಿ ಚೀಟಿ ಓದಿ ಡಬ್ಬಿ ಎದಿಗೆ ಒತ್ತಿಕೊಂಡಳು. ಮುಂಜಾನೆ ಅಕ್ಕಿ ಗಂಜಿ ಮ್ಯಾಲೆ ಉದರಸಿಕೊಂಡು ತಿಂತಾಳಂತ. ಮುಂದಿನ ಸಲ ಖಾರ ಸ್ವಲ್ಪ ಕಡಿಮಿ ಇರ್ಲಿ ಅಂತ ಹೇಳ್ಯಾಳ.